ಕೂಷ್ಮಾಂಡವಿದಾರಣ ಕಳಕಪ್ಪನೂ ಹೆದರದ ಚಿಗರಿಯೂ

ಸ್ವಸ್ತಿ. ಕೊಳವೆಬಾವಿಗಳ ನೀರು ಪಾತಾಳಕ್ಕಿಳಿದು ಅದನ್ನು ಹುಡುಕುವ ಯಂತ್ರಗಳ ಆರ್ಭಟ ಗಗನಕ್ಕೇರಿದ್ದ ಕಲಿಯುಗದಲ್ಲಿ, ಎರೆಮಣ್ಣಿನ ಮಹಾಬಯಲಿನ ನಡುವೆ ಒಂದೇ ಒಂದು ಹುಲ್ಲುಗಾವಲನ್ನು ಹೇಗೋ ಉಳಿಸಿಕೊಂಡಿದ್ದ ಎರೆಹಾಳವೆಂಬ ಗ್ರಾಮದಲ್ಲಿ, ಬೇಟೆಗಾರವಂಶವಾರ್ಧಿಚಂದ್ರಮನೂ ಭರ್ಚಿಭೀಷಣಭುಜದಂಡನೂ ಹಲಗೆನಾದೋನ್ಮತ್ತಹೃದಯನೂ ಕೂಷ್ಮಾಂಡಕುಂಭವಿದಾರಣನೂ ಎರೆಹಾಳಪುರವರಾಧೀಶ್ವರನೂ ಆದ ಕಳಕಪ್ಪ ತಳವಾರನು, ಎಡಮೊಣಕಾಲಿನ ನೋವೊಂದನ್ನು ಬಿಟ್ಟರೆ ನಿಷ್ಕಂಟಕನಾಗಿ ಬಾಳುತ್ತಿದ್ದನು. ಕೊನೆಯ ಬಿರುದನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ವೀರಗಲ್ಲಿನ ಮೇಲೆ ಬಿರುದು ಕೆತ್ತುವಾಗ ಯಾರೂ ಯಾರ ಅಪ್ಪಣೆಯನ್ನೂ ಕೇಳಿದ್ದಿಲ್ಲವಾದ್ದರಿಂದ ನಾವೂ ಕೇಳುವುದಿಲ್ಲ.

ಕೂಷ್ಮಾಂಡವೆಂದರೆ ಕುಂಬಳಕಾಯಿ. ನಗಬೇಡಿ, ಅದಕ್ಕೊಂದು ಇತಿಹಾಸವಿದೆ. ಯುಗಾದಿಯ ಮರುದಿನ, ಅಂದರೆ ಕರಿಯ ದಿನ, ಎರೆಹಾಳದವರು ಹುಲ್ಲುಗಾವಲಿಗೆ ಬೇಟೆಗೆ ಹೋಗುವುದು ತಲೆತಲಾಂತರದ ಪದ್ಧತಿ. ಹಿಂದೆ ಚಿಗರಿಯನ್ನೇ, ಅಂದರೆ ಸುರುಳಿಗೊಂಬಿನ ಕೃಷ್ಣಮೃಗವನ್ನೇ, ಹೊಡೆದು ತರುತ್ತಿದ್ದರು. ಸರ್ಕಾರ ಕಾನೂನು ತಂದು ಅದನ್ನು ನಿಲ್ಲಿಸಿತು. ಆಗ ಊರ ಹಿರಿಯರು ಕೂತು ಯೋಚಿಸಿ, ಚಿಗರಿಯ ಬದಲು ಹುಲ್ಲಿನ ನಡುವೆ ಒಂದು ಕುಂಬಳಕಾಯಿ ಇಟ್ಟು ಅದಕ್ಕೆ ಭರ್ಚಿ, ಅಂದರೆ ಈಟಿ, ಎಸೆಯತಕ್ಕದ್ದೆಂದೂ, ಹಲಗೆಯ ಬಡಿತ, ನಾಯಿ, ಕೂಗು, ಮೆರವಣಿಗೆ ಎಲ್ಲವೂ ಮೊದಲಿನಂತೆಯೇ ನಡೆಯತಕ್ಕದ್ದೆಂದೂ ತೀರ್ಮಾನಿಸಿದರು. ಕಾನೂನು ಬಂದಾಗ ನಮ್ಮ ನಾಯಕನು ಅವ್ವನ ಸೆರಗು ಹಿಡಿದು ನಡೆಯುವ ಕೂಸು. ಹೀಗಾಗಿ ಅಜ್ಜನ ಭರ್ಚಿ ಅವನ ಕೈಗೆ ಬರುವಷ್ಟರಲ್ಲಿ ಅದರ ಪಾಲಿಗೆ ಉಳಿದಿದ್ದ ಶತ್ರು ಕುಂಬಳಕಾಯಿ ಒಂದೇ. ವರ್ಷವಿಡೀ ಕಳಕಪ್ಪ ಹತ್ತರಲ್ಲಿ ಹನ್ನೊಂದನೆಯವನು. ಗ್ರಾಮಸಭೆಯಲ್ಲಿ ಅವನು ಎದ್ದು ನಿಂತರೆ ಕೂತ್ಕೋ ಎನ್ನುವವರೇ ಹೆಚ್ಚು. ಕರಿಯ ದಿನ ಮಾತ್ರ ಹಳದಿ ರುಮಾಲು ಸುತ್ತಿ, ಭರ್ಚಿ ಹೆಗಲಿಗೇರಿಸಿ ಅವನು ಮುಂದೆ ನಡೆದರೆ ಊರೇ ಹಿಂದೆ ನಡೆಯುತ್ತಿತ್ತು. ಆ ಒಂದು ದಿನಕ್ಕಾಗಿ ಅವನು ಉಳಿದ ದಿನಗಳನ್ನು ಸಹಿಸುತ್ತಿದ್ದನು.

ಇಂಥ ಕಳಕಪ್ಪನಿಗೆ ಎದುರಾಳಿಯಾಗಿ ಉದಿಸಿದವಳು, ತಾಲೂಕಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ, ದೂರದರ್ಶಕಾಲಂಕೃತಕಂಠೆಯೂ ಹಸಿರುಟೊಪ್ಪಿಗೆಶೋಭಿತಮಸ್ತಕೆಯೂ ಹರಿಣಬಂಧುಬಳಗಾಧ್ಯಕ್ಷೆಯೂ ಆದ ವಿಮಲಾ ಅಂಗಡಿ. ಊರವರು ಆಕೆಯನ್ನು ಅಕ್ಕಾರ ಎಂದು ಕರೆಯುತ್ತಿದ್ದರು, ಏಕೆಂದರೆ ಅರ್ಧ ಊರು ಆಕೆಯ ಕೈಯಲ್ಲಿ ಪೆಟ್ಟು ತಿಂದು ಕಲಿತದ್ದು. ಆಕೆ ಹೇಳಿದ್ದಕ್ಕೆ ಅರಣ್ಯ ಇಲಾಖೆಯ ರೇಂಜರ್ ಸಾಹೇಬರು ತಲೆದೂಗುತ್ತಿದ್ದರು. ಆಕೆ ಹೇಳಿದಲ್ಲಿ ಚಿಗರಿಗಳಿಗೆ ನೀರಿನ ತೊಟ್ಟಿ ಕಟ್ಟಿಸಿದರು. ಆ ತೊಟ್ಟಿ ಶೇಂಗಾ ಹೊಲಗಳ ಬದಿಗೇ ಬರುತ್ತದೆ, ನೀರಿಗೆ ಬಂದ ಚಿಗರಿ ಶೇಂಗಾಕ್ಕೂ ಬರುತ್ತದೆ ಎಂದು ಬೇಟೆಯವರು ಬಾಯಿ ಬಡಿದುಕೊಂಡರೂ ಕೇಳಿದವರಿಲ್ಲ. ತೊಟ್ಟಿ ಆಯಿತು, ನೀರು ತುಂಬಿತು, ಚಿಗರಿಗಳು ನೀರು ಕುಡಿದು ಶೇಂಗಾ ಬಳ್ಳಿ ತಿಂದು ಹೋದವು. ಅಂದಿನಿಂದ ಹರಿಣಬಂಧು ಬಳಗವೆಂದರೆ ಬೇಟೆಯವರಿಗೆ ಆಗದು.

ಈ ಸಲ ಯುಗಾದಿಗೆ ಮುಂಚೆ ಬಳಗವು ಬೇಟೆಯನ್ನೇ ನಿಲ್ಲಿಸಬೇಕೆಂದು ರೇಂಜರರ ಕಿವಿಗೆ ಹಾಕಿತು. ಸುದ್ದಿ ತಿಳಿದ ಕಳಕಪ್ಪನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ, ಸಾಮ್ರಾಟನು ಸಿಂಹಾಸನದಲ್ಲಿ ಮಂಡಿಸುವಂತೆ ಮಂಡಿಸಿ, ಸೈನ್ಯವನ್ನುದ್ದೇಶಿಸಿ ಮಾತನಾಡಿದನು.

"ಇವತ್ತ ಹಲಗಿ ಬ್ಯಾಡ ಅಂತಾರ. ನಾಳೆ ನಾಯಿ ಬ್ಯಾಡ ಅಂತಾರ. ನಾಡದ್ದ, ಚಿಗರಿ ಮಲಗ್ಯಾವ, ನೀವು ಹೊಲಕ್ಕ ಹೋಗಬ್ಯಾಡ್ರಿ ಅಂತಾರ. ಚಿಗರಿ ಎಲ್ಲಿ ಕುಡಿಬೇಕು, ಎಲ್ಲಿ ಮೇಯಬೇಕು, ಎಲ್ಲಾ ಅಕ್ಕಾರ ಹೇಳಿದ್ದ ಆಗಬೇಕು. ಚಿಗರಿ ಸಂಗಾಟ ಹುಟ್ಟಿ ಬೆಳದಾವ್ರು ನಾವು. ನಮ್ಮನ್ನ ಒಬ್ಬರರ ಒಂದ ಮಾತು ಕೇಳ್ಯಾರೇನು?"

"ನನ್ನಂತೂ ಕೇಳಿಲ್ಲ," ಎಂದನು ಹಲಗೆವಾದನಧುರೀಣನೂ ಕಳಕಪ್ಪನ ಬಾಲ್ಯಸ್ನೇಹಿತನೂ ಆದ ದ್ಯಾಮಣ್ಣ. ಅವನನ್ನು ಯಾವ ವಿಷಯಕ್ಕೂ ಯಾರೂ ಕೇಳುತ್ತಿರಲಿಲ್ಲ.

ರೇಂಜರ್ ಸಾಹೇಬರು ಜಗಳವೆಂದರೆ ತಲೆನೋವು ಬರುವ ಮನುಷ್ಯ. ಅವರು ಎರಡೂ ಪಕ್ಷಗಳನ್ನು ಪಂಚಾಯಿತಿ ಕಟ್ಟೆಗೆ ಕರೆಸಿದರು. ವಿಮಲಾ ಅಕ್ಕಾರು ಟೊಪ್ಪಿಗೆ ಸರಿಪಡಿಸಿಕೊಂಡು ಶಾಂತವಾಗಿಯೇ ಶುರುಮಾಡಿದರು.

"ನೋಡ್ರಿ ಕಳಕಪ್ಪ, ಈಗ ಹುಲ್ಲಾಗ ಸಣ್ಣ ಮರಿ ಅದಾವ. ನೀವು ಹಲಗಿ ಬಡದ್ರ ತಾಯಿ ಗಾಬರಿ ಆಗಿ ಓಡ್ತಾವ. ತಾಯಿ ಓಡಿದ್ರ ಮರಿ ಗತಿ ಏನು? ತೋಳ ಹೊತ್ಕೊಂಡು ಹೋಗ್ತಾವ."

ಕಳಕಪ್ಪನಿಗೆ ಇದಕ್ಕೆ ಉತ್ತರ ಥಟ್ಟನೆ ಹೊಳೆಯಿತು. ಹೊಳೆದದ್ದೇ ತಡ, ಹಿಂದುಮುಂದು ನೋಡದೆ ಅದನ್ನು ಆಡಿಬಿಟ್ಟನು.

"ಓಡೂದಿಲ್ರಿ ಅಕ್ಕಾರ. ವರ್ಷಾ ವರ್ಷಾ ನೋಡ್ಯಾವ. ನಮ್ಮ ಬ್ಯಾಟಿಗೆ ಒಂದ ಚಿಗರೀನೂ ಹೆದರೂದಿಲ್ಲ."

ಕಟ್ಟೆಯ ಮೇಲೆ ಕೂತವರೆಲ್ಲ ಕತ್ತು ತಿರುಗಿಸಿ ಅವನನ್ನು ನೋಡಿದರು. ಯಾವ ವಂಶದ ಹೆಸರು ಹೇಳಿದರೆ ಚಿಗರಿಗಳು ಮೂರು ಹಳ್ಳಿ ದಾಟಿ ಓಡುತ್ತಿದ್ದವೆಂದು ಅಜ್ಜಿಯರು ಹೇಳುತ್ತಿದ್ದರೋ, ಆ ವಂಶದ ಕುಡಿಯ ಬಾಯಿಂದಲೇ ಈ ಮಾತು ಬಂದಿತ್ತು. ಕಳಕಪ್ಪನಿಗೆ ತಾನು ಏನು ಹೇಳಿದೆನೆಂಬುದು ಹೇಳಿದ ಮೇಲೆ ತಿಳಿಯಿತು. ಅಷ್ಟರಲ್ಲಿ ರೇಂಜರ್ ಸಾಹೇಬರು ಮಾತನ್ನು ಹಿಡಿದುಕೊಂಡಿದ್ದರು.

"ಹಂಗಾರ ಸುಲಭ ಆತು. ಕರಿ ದಿನ ಎಲ್ಲಾರೂ ಬರ್ರಿ. ಬ್ಯಾಟಿಗೆ ಒಂದರ ಚಿಗರಿ ಹೆದರಿ ಓಡಿದ್ರ ಮುಂದಿನ ವರ್ಷದಿಂದ ಬ್ಯಾಟಿ ಬಂದ್. ಓಡಲಿಲ್ಲ ಅಂದ್ರ ನೀವು ನಡಸ್ರಿ, ಅಕ್ಕಾರು ಮಾತಾಡೂಹಂಗಿಲ್ಲ. ಒಪ್ಪಿಗಿ?"

ಇಬ್ಬರೂ ಒಪ್ಪಿದರು. ಮನೆಗೆ ನಡೆಯುವಾಗ ನಮ್ಮ ವೀರನ ಮನಸ್ಸು ಬೇಯುತ್ತಿತ್ತು. ಚಿಗರಿ ಓಡಿದರೆ ಬೇಟೆ ಹೋಗುತ್ತದೆ; ಬೇಟೆ ಹೋದರೆ ಹಳದಿ ರುಮಾಲಿಗೆ ಪೆಟ್ಟಿಗೆಯೇ ಗತಿ. ಓಡದಿದ್ದರೆ ಬೇಟೆ ಉಳಿಯುತ್ತದೆ. ಆದರೆ ಹೆದರದ ಪ್ರಾಣಿಯ ಮುಂದೆ ಭರ್ಚಿ ಹಿಡಿದು ನಿಂತವನನ್ನು ಬೇಟೆಗಾರ ಎನ್ನುವವರು ಯಾರು? ತನ್ನ ಪಕ್ಷ ಗೆಲ್ಲಬೇಕೋ ಸೋಲಬೇಕೋ ಎಂಬುದೇ ತಿಳಿಯದೆ ರಣರಂಗಕ್ಕೆ ಹೊರಟ ಸೇನಾಪತಿ ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಕರಿಯ ದಿನ ಬಂತು. ಪೂರ್ವದಿಗಂಗನೆಯು ಅರಿಸಿನ ಬಳಿದುಕೊಂಡು ಇನ್ನೂ ಮುಖ ತೊಳೆಯದಿದ್ದ ಹೊತ್ತಿನಲ್ಲಿ, ರುಮಾಲುಧಾರಿಗಳೂ ದೊಣ್ಣೆಪಾಣಿಗಳೂ ಎಲೆಯಡಿಕೆಪೂರ್ಣಕಪೋಲರೂ ಆದ ಬೇಟೆಯ ವೀರರು ಊರಿನಿಂದ ಹೊರಟರು. ದ್ಯಾಮಣ್ಣನ ಹಲಗೆಯ ಘೋಷವು ದಶದಿಕ್ಕುಗಳನ್ನೂ ತುಂಬಿತು. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುವ ಅವನ ನಾಯಿ ಟೈಗರ್ ಮೆರವಣಿಗೆಯ ಕೊನೆಯಲ್ಲಿ, ಓಡಿಹೋಗಲು ಅನುಕೂಲವಾದ ಜಾಗದಲ್ಲಿ ನಡೆಯಿತು. ಕುಂಬಳಕಾಯಿಯನ್ನು ಅರಿಸಿನ ಕುಂಕುಮ ಹಚ್ಚಿ ಬುಟ್ಟಿಯಲ್ಲಿ ಹೊತ್ತು ತರಲಾಯಿತು. ಹುಲ್ಲುಗಾವಲಿನ ಆಚೆ ಬದಿಯಲ್ಲಿ ಹಸಿರು ಟೊಪ್ಪಿಗೆಗಳ ಸೈನ್ಯವು ದುರ್ಬೀನು ಹಿಡಿದು ಸನ್ನದ್ಧವಾಗಿತ್ತು. ನಡುವೆ ರೇಂಜರ್ ಸಾಹೇಬರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

ಕೂಗಳತೆಯಲ್ಲಿ ಚಿಗರಿಗಳ ಹಿಂಡು ಮೇಯುತ್ತಿತ್ತು. ಹೆಣ್ಣುಗಳು, ಮರಿಗಳು, ಅವುಗಳ ಮುಂದೆ ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ, ಉದ್ದ ಸುರುಳಿಗೊಂಬಿನ ಗಂಡು. ಕಳಕಪ್ಪ ಅದನ್ನು ನೋಡಿದನು. ಅದು ಕಳಕಪ್ಪನನ್ನು ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಹಲಗೆ ಬಡಿದರು. ಒಂದು ಮರಿ ತಲೆಯೆತ್ತಿತು, ತಾಯಿ ಎತ್ತಲಿಲ್ಲವೆಂದು ತಾನೂ ಇಳಿಸಿತು. ವೀರರು ಹೋ ಎಂದು ಕೂಗಿದರು. ಹಿಂಡಿನಲ್ಲಿ ಎರಡು ಮಲಗಿದವು. ಕಳಕಪ್ಪನು ಅಜ್ಜನ ಹೆಸರು ನೆನೆದು, ಭುಜವನ್ನು ಹಿಂದಕ್ಕೆ ಸೆಳೆದು, ಮೇಘಮಂಡಲವಿದಾರಕವಾದ ಆ ಭರ್ಚಿಯನ್ನು ಎಸೆದನು. ಅದು ಕುಂಬಳಕಾಯಿಯ ಮೇಲಿಂದ ಹಾರಿ ಜಾಲಿಗಿಡಕ್ಕೆ ಬಿತ್ತು. ಇದು ಪ್ರತಿವರ್ಷ ಆಗುವುದೇ. ಎರಡನೆಯ ಸಲ ಎಸೆದಾಗ ಕೂಷ್ಮಾಂಡಾಸುರನ ಬಸಿರು ಬಗೆದು ಭರ್ಚಿಯು ನೆಟ್ಟಗೆ ನಿಂತಿತು. ವೀರರು ಜಯಘೋಷ ಮಾಡಿದರು. ಗಂಡು ಚಿಗರಿಯು ಹಿಂಗಾಲೆತ್ತಿ ಕಿವಿ ತುರಿಸಿಕೊಂಡಿತು.

"ಗೆದ್ದಿವಿ ಕಳಕಪ್ಪಣ್ಣ, ಒಂದೂ ಅಳ್ಳಾಡವಲ್ದು," ಎಂದು ದ್ಯಾಮಣ್ಣ ಪಿಸುಗುಟ್ಟಿದನು.

ಕಳಕಪ್ಪನಿಗೆ ಆ ಕಿವಿ ತುರಿಸಿಕೊಂಡದ್ದು ಸಹಿಸಲಾಗಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ, ಒಂದೇ ಒಂದು ಪ್ರಾಣಿ ತನ್ನನ್ನು ಕಂಡು ಓಡಲಿ ಎಂದು ಅವನ ಕರುಳು ಕೇಳಿತು. ಬೇಟೆ ಹೋದರೆ ಹೋಗಲಿ. ಅವನು ಕುಂಬಳಕಾಯಿಯಿಂದ ಭರ್ಚಿಯನ್ನು ಕಿತ್ತು, ತಲೆಯ ಮೇಲೆ ತಿರುಗಿಸಿ, ಏಳು ತಲೆಮಾರಿನ ಗಂಟಲುಗಳನ್ನು ಒಂದೇ ಗಂಟಲಲ್ಲಿ ತುಂಬಿಕೊಂಡವನಂತೆ ಅಬ್ಬರಿಸುತ್ತಾ ಚಿಗರಿಯ ಮೇಲೆ ಏರಿಹೋದನು.

"ಏ, ನಿಂದರೋ ಮಾರಾಯ, ಅದು ಓಡಿದ್ರ ಬ್ಯಾಟೀನ ಹೋತು," ಎಂದು ದ್ಯಾಮಣ್ಣ ಕೂಗಿದನು.

ಆಚೆ ಬದಿಯಲ್ಲಿ ವಿಮಲಾ ಅಕ್ಕಾರು ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದರು. ಚಿಗರಿಯೊಂದು ಹೆದರಿ ಓಡಲೆಂದು ಆಕೆ ಬಯಸಿದ್ದು ಅದೇ ಮೊದಲು, ಅದಕ್ಕಾಗಿ ಆಕೆಗೆ ನಾಚಿಕೆಯೂ ಆಯಿತು. ಕಳಕಪ್ಪ ಓಡಿದನು. ರುಮಾಲು ಬಿಚ್ಚಿತು, ಮೊಣಕಾಲು ಕೂಗಿತು, ಅಬ್ಬರವು ನಡುದಾರಿಯಲ್ಲಿ ಏದುಸಿರಾಯಿತು. ಕಲ್ಲೆಸೆತದ ದೂರಕ್ಕೆ ಅವನು ತಲುಪಿದಾಗ ಕೃಷ್ಣಮೃಗವು ಬಾಯಲ್ಲಿದ್ದ ಹುಲ್ಲನ್ನು ಪೂರ್ತಿ ಅಗಿದು ನುಂಗಿತು. ಆಮೇಲೆ, ಓಣಿಯಲ್ಲಿ ಎದುರು ಬಂದ ಹಿರಿಯರಿಗೆ ದಾರಿ ಬಿಡುವವರ ಹಾಗೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿತು.

ಕಳಕಪ್ಪ ಅದರ ಮುಂದಿನಿಂದ ಹಾದು ಸ್ವಲ್ಪ ದೂರ ಹೋಗಿ ಹುಲ್ಲಿನಲ್ಲಿ ಕುಸಿದು ಕೂತನು.

ರೇಂಜರ್ ಸಾಹೇಬರು ಎದ್ದು ಅಕ್ಕಾರ ಮುಖ ನೋಡಿದರು. ಆಕೆ ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಓಡಿಲ್ರಿ," ಎಂದರು, ದುರ್ಬೀನು ಕೆಳಗಿಳಿಸಿ.

ಹೀಗೆ ಎರೆಹಾಳದ ಬೇಟೆಯು, ಅದಕ್ಕೆ ಹೆದರುವ ಜೀವಿ ಭೂಮಂಡಲದಲ್ಲಿ ಒಂದೂ ಇಲ್ಲವೆಂಬ ಕಾರಣಕ್ಕೆ, ಆಚಂದ್ರಾರ್ಕಸ್ಥಾಯಿಯಾಗಿ ನಡೆಯಲು ಅನುಮತಿ ಪಡೆಯಿತು. ಗೆದ್ದವರು ಯಾರೂ ಕೂಗಲಿಲ್ಲ. ದ್ಯಾಮಣ್ಣ ಹಲಗೆಯನ್ನು ಬಗಲಿಗೆ ಹಾಕಿಕೊಂಡನು. ವಿಮಲಾ ಅಕ್ಕಾರು ನೀರಿನ ಬಾಟಲಿ ಹಿಡಿದು ಕಳಕಪ್ಪನ ಬಳಿಗೆ ಬಂದರು. ಅವನ ಕಣ್ಣು ತುಂಬಿತ್ತು, ಅವನು ಅದನ್ನು ಮರೆಮಾಡಲಿಲ್ಲ.

"ಎಲ್ಲಾ ನಿಮ್ಮಿಂದನ ಆತ್ರಿ ಅಕ್ಕಾರ," ಎಂದನು. "ತೊಟ್ಟಿ ಕಟ್ಟಿ ನೀರ ಕುಡಿಸಿ, ಶೇಂಗಾ ತಿನಿಸಿ, ಅವಕ್ಕ ಹೆದರಿಕಿನ ಇಲ್ಲದಂಗ ಮಾಡಿಬಿಟ್ರಿ."

"ನಮ್ಮಿಂದ ಅಲ್ಲ," ಎಂದರು ಅಕ್ಕಾರು, ಅಷ್ಟೇ ಬೇಸರದಿಂದ. "ಹುಟ್ಟಿದಾಗಿಂದ ನಿಮ್ಮ ಕುಂಬಳಕಾಯಿ ನೋಡಿ ನೋಡಿ ಕೆಟ್ಟಾವ ಅವು. ನೀರ ಕುಡೀರಿ ಮೊದಲ."

ಅವನು ಕುಡಿದನು. ಆದರೂ ಬಳಗದ ಮೇಲಿನ ಅನುಮಾನ ಬಿಡಲಿಲ್ಲ. ಬಾಟಲಿಯನ್ನು ಒಮ್ಮೆ ಮೂಸಿ ನೋಡಿಯೇ ಕುಡಿದದ್ದು.

ಆಮೇಲೆ ಬೇಟೆಯ ಪಾಲು ಹಂಚಿದರು. ಹಲಗೆಯವನಿಗೆ ತೊಡೆಯ ಪಾಲು, ನಾಯಿಗೆ ಎದೆಯ ಪಾಲು, ಬೇಟೆ ಬಿದ್ದಾಗ ಮೊದಲು ಮುಟ್ಟಿದವನಿಗೆ ಬೆನ್ನಿನ ಪಾಲು. ಹೊಡೆದ ವೀರನಿಗೆ ಸಲ್ಲುವುದು ತಲೆ. ಕುಂಬಳಕಾಯಿಗೆ ತಲೆಯೆಂದರೆ ತೊಟ್ಟಿನ ಕಡೆಯ ತುಣುಕು. ಕಳಕಪ್ಪನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಭರ್ಚಿ ಹೆಗಲಿಗೇರಿಸಿ, ಕುಂಟುತ್ತಾ ತನ್ನ ಶೇಂಗಾ ಹೊಲದ ಬದುವಿನ ಮೇಲೆ ಮನೆಯತ್ತ ನಡೆದನು.

ಹೊಲದಲ್ಲಿ ಅವನಿಗಿಂತ ಮೊದಲೇ ಚಿಗರಿಗಳು ಬಂದಿದ್ದವು. ಕಪ್ಪು ಬೆನ್ನಿನ ಗಂಡೂ ಇತ್ತು. ಬಳ್ಳಿಗೆ ಬಾಯಿ ಹಾಕಿ ಆರಾಮಾಗಿ ತಿನ್ನುತ್ತಿದ್ದವು. ಕಳಕಪ್ಪನು ನಿಂತು ನೋಡಿದನು. ಕೂಗಲು ಅವನಲ್ಲಿ ದನಿ ಉಳಿದಿರಲಿಲ್ಲ. ಆಗ ಪಂಪಿನ ಮನೆಯ ಹಿಂದಿನಿಂದ ಅವನ ಹೆಂಡತಿ ನಿಂಬೆವ್ವ ಸೀರೆಯನ್ನು ಮೊಣಕಾಲಿಗೆ ಕಟ್ಟಿಕೊಂಡು ಹೊರಬಂದಳು. ಕೈಯಲ್ಲಿ ಏನೂ ಇರಲಿಲ್ಲ.

"ನಿಮ್ಮ ಮನಿ ಹಾಳಾಗ," ಎಂದಳು.

ಇಡೀ ಹಿಂಡು ಒಮ್ಮೆಲೇ ನೆಲ ಬಿಟ್ಟಿತು. ಹೆಣ್ಣು, ಮರಿ, ಗಂಡು, ಎಲ್ಲವೂ ಬಾಣ ಬಿಟ್ಟಂತೆ ಚಿಮ್ಮಿ, ಬದು ಹಾರಿ, ಧೂಳೆಬ್ಬಿಸಿ, ಹುಲ್ಲುಗಾವಲನ್ನೂ ದಾಟಿ ಕಣ್ಮರೆಯಾದವು. ಬದುವಿನ ಆಚೆ ಬದಿಗೆ ಕಳಕಪ್ಪನೂ ಹಾರಿದ್ದನು. ಯಾಕೆ ಹಾರಿದೆನೆಂದು ಅವನಿಗೆ ತಿಳಿಯಲಿಲ್ಲ.

"ನಿಮಗಲ್ರಿ ಅಂದಿದ್ದು," ಎಂದಳು ನಿಂಬೆವ್ವ. "ಬ್ಯಾಟಿ ಉಳೀತೇನು?"

"ಉಳೀತು."

ಅವಳು ಬಂದು ಅವನ ಕೈಯಿಂದ ವೀರಭಾಗವನ್ನು ಇಸಿದುಕೊಂಡು ತಿರುವಿ ತಿರುವಿ ನೋಡಿದಳು.

"ಬರೇ ತೊಟ್ಟ ಐತಲ್ರಿ ಇದರಾಗ, ಪಲ್ಯಾ ಏನ್ ಮಾಡ್ಲಿ. ಬರೂ ವರ್ಷ ನಾಯಿ ಪಾಲರ ಕೇಳಿ ಇಸಗೊಂಡು ಬರ್ರಿ."