ನಮ್ಮತ್ತೆ ಹಚ್ಚೆ ಹಾಕಿದ ರಾಕ್ಷಸರು

ಆ ಶನಿವಾರ ಬೆಳಗ್ಗೆ ನಾನು ಅಮೆರಿಕದ ರೆಂಟನ್ ಊರಿನ ಅತ್ತೆಮನೆಗೆ ಹೋದಾಗ ನಮ್ಮತ್ತೆ ಒಬ್ಬ ರಾಕ್ಷಸನ ತೋಳಿಗೆ ತುಳಸಿಕಟ್ಟೆಯ ಹಚ್ಚೆ ಹಾಕುತ್ತಿದ್ದರು. ರಾಕ್ಷಸ ಮಿಸುಕಾಡದೆ ನಿಂತಿದ್ದ. ಉಪ್ಪಿಟ್ಟಿಗೆ ಇಟ್ಟ ನೀರು ಕುದಿದು ಕುದಿದು ಅರ್ಧವಾಗಿತ್ತು. ತೀರಾ ಮಾಮೂಲಿ ದಿನ. ಅಂಥ ಮಾಮೂಲಿ ದಿನ ಆಮೇಲೆ ಒಂದೂ ಬರಲಿಲ್ಲ.

ಗಾಬರಿಯಾಗಬೇಡಿ, ರಾಕ್ಷಸ ಇದ್ದದ್ದು ಕಂಪ್ಯೂಟರಿನೊಳಗೆ! ನಮ್ಮತ್ತೆ, ಎಂದರೆ ನನ್ನ ಅಪ್ಪನ ಅಕ್ಕ, ಲೆಕ್ಕವಿಲ್ಲದಷ್ಟು ಜನಕ್ಕೆ ಹಚ್ಚೆ ಹಾಕಿದವರು; ಒಬ್ಬರಿಗೂ ಒಂದು ತೊಟ್ಟು ರಕ್ತ ಬಂದಿಲ್ಲ. ವಿಡಿಯೊ ಗೇಮುಗಳಲ್ಲಿ ಕತ್ತಿ ಹಿಡಿದು ಓಡಾಡುವ ವೀರರು, ರಾಕ್ಷಸರು, ಮಾಟಗಾತಿಯರು ಇರುತ್ತಾರಲ್ಲ, ಅವರ ಮೈಗೆ ಹೊಸ ಹಚ್ಚೆ ಬರೆದು ಇಂಟರ್ನೆಟ್ಟಿನಲ್ಲಿ ಹಂಚುವುದು ಅವರ ಹವ್ಯಾಸ. ಬೇಕಾದವರು ಇಳಿಸಿಕೊಂಡು ತಮ್ಮ ಆಟದ ವೀರನಿಗೆ ತೊಡಿಸಿಕೊಳ್ಳಬಹುದು. ನಿವೃತ್ತರಾದ ಮೇಲೆ ಬೇರೆಯವರು ಭಜನಾಮಂಡಳಿ ಸೇರುವುದಿಲ್ಲವೇ? ಇವರು ರಾಕ್ಷಸರನ್ನು ಸೇರಿದರು.

ತಮಾಷೆಯೆಂದರೆ, ಸೂಜಿ ಕಂಡರೆ ನಮ್ಮತ್ತೆಗೆ ಜೀವ ಹೋದಂತೆ. ಒಮ್ಮೆ ಫ್ಲೂ ಲಸಿಕೆಗೆ ಹೋದಾಗ ನರ್ಸು ಹತ್ತಿಯಿಂದ ತೋಳು ಒರೆಸುತ್ತಿದ್ದಂತೆಯೇ "ಒಂದ್ನಿಮಿಷ, ಕಾರ್ ಲಾಕ್ ಮಾಡಿದೀನಾ ನೋಡ್ಬರ್ತೀನಿ" ಎಂದು ಎದ್ದವರು ಸೀದಾ ಮನೆಗೇ ಬಂದುಬಿಟ್ಟಿದ್ದರು. ಪಕ್ಕದ ಕುರ್ಚಿಯಲ್ಲಿ ಲಸಿಕೆ ಹಾಕಿಸಿಕೊಂಡು ಕಾಯುತ್ತಿದ್ದ ಮಾವ ಬಸ್ಸು ಹಿಡಿದು ಬಂದರು.

ಈ ಭಯಕ್ಕೊಂದು ಕಥೆಯಿದೆ. ನಮ್ಮಜ್ಜಿಯ ಎಡಗೈ ತುಂಬ ಹಚ್ಚೆಯಿತ್ತು: ಇರುವೆ ಸಾಲು, ತುಳಸಿಕಟ್ಟೆ, ಒಂದು ಚೇಳು. ಮಗಳಿಗೂ ಅದನ್ನೇ ಹಾಕಿಸುವ ಆಸೆ ಅವರಿಗೆ. ಅತ್ತೆಗೆ ಎಂಟು ವರ್ಷವಿದ್ದಾಗ ಹಚ್ಚೆ ಹಾಕುವವಳನ್ನು ಕರೆಸಿದರಂತೆ. ಮೊದಲ ಚುಕ್ಕೆ ಚುಚ್ಚಿದ್ದೇ ತಡ, ಹುಡುಗಿ ಕೈ ಕೊಸರಿಕೊಂಡು ಓಡಿದವಳು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಆ ಒಂದು ಹಸಿರು ಚುಕ್ಕೆ ಅವರ ಮಣಿಕಟ್ಟಿನ ಮೇಲೆ ಹಾಗೇ ಉಳಿಯಿತು.

"ಎಲ್ಲೀವರೆಗೂ ಓಡಿದ್ರಿ ಅತ್ತೆ?" ಎಂದು ಕೇಳಿದರೆ, "ಆ ಸೂಜಿಯಿಂದ ಈ ಅಮೆರಿಕದವರೆಗೂ ಕಣೇ!" ಎನ್ನುತ್ತಿದ್ದರು.

ಅಮೆರಿಕದಲ್ಲಿ ಅವರು ವಿಮಾನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದರು. ಚಪ್ಪಟೆ ತಗಡನ್ನು ಹೇಗೆ ಕತ್ತರಿಸಿದರೆ ಅದು ವಿಮಾನದ ದುಂಡು ಮೈಗೆ ಸುಕ್ಕಿಲ್ಲದೆ ಕೂರುತ್ತದೆ ಎಂಬುದೇ ಮೂವತ್ತು ವರ್ಷ ಅವರ ಚಿಂತೆ. ಗೇಮಿನ ವೀರರ ಚರ್ಮವೂ ಹಾಗೆಯೇ ಅಂತೆ. ಹೊಲಿಯುವ ಮೊದಲು ಕತ್ತರಿಸಿ ಹಾಸಿದ ರವಿಕೆ ಬಟ್ಟೆಯ ಹಾಗೆ ತೋಳು ಒಂದು ಕಡೆ, ಬೆನ್ನು ಒಂದು ಕಡೆ ಬಿದ್ದಿರುತ್ತದೆ. ಅದರ ಮೇಲೆ ಹಚ್ಚೆ ಬರೆದರೆ ಕಂಪ್ಯೂಟರು ಅದನ್ನು ಮೈಗೆ ಸುತ್ತುತ್ತದೆ. ಹೊಲಿಗೆ ಬರುವ ಜಾಗದಲ್ಲಿ ಬರೆದಿರೋ, ಕೆಟ್ಟಿರಿ! ಅತ್ತೆಯ ಮೊದಲ ತುಳಸಿಕಟ್ಟೆ ಅರ್ಧ ತೋಳಿನ ಮೇಲೆ, ಅರ್ಧ ಕಂಕುಳಲ್ಲಿ ಮೂಡಿತು. "ಕಂಕುಳಲ್ಲಿ ತುಳಸಿ! ತಪ್ಪಾಯ್ತಪ್ಪಾ" ಎಂದು ಕೆನ್ನೆ ಬಡಿದುಕೊಂಡು, ಪರದೆಗೆ ಕೈಮುಗಿದು ಅಳಿಸಿದರು.

ಆಮೇಲೆ ಪೂರ್ವತಯಾರಿ ಶುರುವಾಯಿತು. ಇಂಡಿಯನ್ ಅಂಗಡಿಯಲ್ಲಿ ತೋಳಿನ ದಪ್ಪದ ಸೊಟ್ಟ ಸೋರೆಕಾಯಿ ಹುಡುಕಿ ತಂದು, ಅದರ ಮೇಲೆ ಪೆನ್ನಿನಲ್ಲಿ ಬರೆದು ನೋಡುತ್ತಿದ್ದರು. ನೋಡಿಯಾದ ಮೇಲೆ ಸೋರೆಕಾಯಿ ಹುಳಿಗೆ. "ನೋಡ್ಕೊಂಡ್ ತಿನ್ನಮ್ಮ, ಇವತ್ತು ಹುಳಿಯಲ್ಲಿ ಚೇಳಿದೆ" ಎಂದು ಮಾವ ನನಗೆ ಬಡಿಸುತ್ತಿದ್ದರು.

ಆದರೆ ಸೋರೆಕಾಯಿ ಮೊಣಕೈ ಮಡಿಸುವುದಿಲ್ಲವಲ್ಲ! ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಅಳಿಸಿಹೋಗದ ಕಾಡಿಗೆಯಲ್ಲಿ ನನ್ನ ಎಡಗೈ ತುಂಬ ಬರೆದು, ಮಡಿಸು, ಚಾಚು, ಮಡಿಸು ಎಂದು ಕವಾಯತು ಮಾಡಿಸಿದರು. ಎಷ್ಟು ತಿಕ್ಕಿದರೂ ಹೋಗದೆ, ಸೋಮವಾರ ಸೌತ್ ಲೇಕ್ ಯೂನಿಯನ್ ಬಡಾವಣೆಯ ನನ್ನ ಆಫೀಸಿಗೆ ಹಾಗೇ ಹೋದೆ. ಮೈಯೆಲ್ಲ ಹಚ್ಚೆಯಿದ್ದ ಸಹೋದ್ಯೋಗಿಯೊಬ್ಬ ನನ್ನ ಕೈ ಹಿಡಿದು ನೋಡಿ, ಇದು ಯಾವ ಪಾರ್ಲರು, ಎಷ್ಟು ದಿನ ಕಾಯಬೇಕು ಎಂದು ಗಂಭೀರವಾಗಿ ವಿಚಾರಿಸಿದ. ರೆಂಟನ್ನಿನಲ್ಲಿದೆ, ಕಲಾವಿದೆ ನಡುನಡುವೆ ಒಗ್ಗರಣೆ ಹಾಕಲು ಎದ್ದು ಹೋಗುತ್ತಾರೆ ಎಂದೆ.

ಇಂಟರ್ನೆಟ್ಟಿನ ಅಭಿಮಾನಿಗಳು ಅತ್ತೆಯನ್ನು ಕರೆಯುತ್ತಿದ್ದದ್ದು "ಡ್ಯೂಡ್" ಎಂದು. ಡ್ಯೂಡ್, ನನ್ನ ವೀರನ ಎದೆಗೊಂದು ತಲೆಬುರುಡೆ ಹಾಕಿಕೊಡು ಎಂದು ಯಾರೋ ಬರೆದ. ಎದೆಯ ಮೇಲೆ ತಲೆಬುರುಡೆ ಯಾಕಪ್ಪಾ, ಒಳ್ಳೆಯದಲ್ಲ, ಇರುವೆ ಸಾಲು ಹಾಕಿದ್ದೇನೆ, ನಿನ್ನ ಅಮ್ಮನನ್ನು ಕೇಳಿದೆನೆಂದು ಹೇಳು ಎಂದು ಅತ್ತೆ ಉತ್ತರಿಸಿದರು. ಮರುದಿನ ಜವಾಬು ಬಂತು: ಅಮ್ಮನಿಗೂ ಇರುವೆಗಳೇ ಇಷ್ಟವಾದವಂತೆ, ಡ್ಯೂಡ್.

"ಊರವರಿಗೆಲ್ಲ ಬರ್ಕೊಡ್ತಾಳೆ. ಮದ್ವೆಯಾಗಿ ನಲವತ್ತು ವರ್ಷ, ನನಗೊಂದು ಮೀಸೆ ಬರ್ದಿಲ್ಲ" ಎಂದು ಮಾವನ ದೂರು.

"ನಿಮ್ ಮುಖಕ್ಕೆ ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲರೀ!"

ಇಷ್ಟೆಲ್ಲ ಅಭ್ಯಾಸ ಯಾವುದಕ್ಕೆ ಎಂದು ನನಗೆ ತಿಳಿದಿತ್ತು. ಅವರಿಗೆ ಅಜ್ಜಿಯ ಎಡಗೈಯನ್ನು ಇಡಿಯಾಗಿ ಬರೆಯಬೇಕಿತ್ತು. ಅಜ್ಜಿಯದು ಇರುವುದೇ ಒಂದು ಫೋಟೊ. ಅದರಲ್ಲಿ ಎಡಗೈ ಸೆರಗಿನೊಳಗಿದೆ. ನನ್ನ ಅಪ್ಪ ತೀರಿಕೊಂಡ ಮೇಲೆ ಆ ಕೈ ನೆನಪಿರುವವರು ಉಳಿದದ್ದು ಇಬ್ಬರೇ: ಹಚ್ಚೆಗೆ ಹೆದರಿ ಓಡಿದ ಅತ್ತೆ, ಅದೇ ಕೈಯ ಮೇಲೆ ತಲೆಯಿಟ್ಟು ಮಲಗಿ ಬೆಳೆದ ನಾನು. ಗೇಮಿನಲ್ಲಿ ಮುದುಕಿಯರೇ ಇರಲಿಲ್ಲವಾದ್ದರಿಂದ ಅತ್ತೆ ಒಬ್ಬ ಮಾಟಗಾತಿಯನ್ನು ಹಿಡಿದು, ಮೂಗು ಗಿಡ್ಡ ಮಾಡಿ, ಹಣೆಗೆ ಕುಂಕುಮವಿಟ್ಟರು. ಮಾವ ಕನ್ನಡಕ ಏರಿಸಿ ನೋಡಿ, "ಮೂಗು ಬಿಟ್ರೆ ಮೊದ್ಲೇ ನಿಮ್ಮಮ್ಮನ ಹಾಗೇ ಇತ್ತು" ಎಂದು ಎರಡು ದಿನ ಕಾಫಿ ಕಳೆದುಕೊಂಡರು.

ಎಲ್ಲ ಸರಿಹೋಯಿತು, ಚೇಳಿನ ಬಾಲವೊಂದನ್ನು ಬಿಟ್ಟು. ಬಾಲ ಅಂಗೈ ಕಡೆಗಿತ್ತು ಎಂದು ಅತ್ತೆ. ಮೊಣಕೈ ಕಡೆಗೆ ಎಂದು ನಾನು. ಎರಡು ವರ್ಷ ಜಗಳವಾಡಿದೆವು.

"ನನ್ನ ತಾಯಿ ಕೈ ಕಣೇ ಅದು!"

"ನನ್ನ ದಿಂಬು ಅತ್ತೆ ಅದು!"

ಆ ಶನಿವಾರ ರಾಕ್ಷಸನನ್ನು ಕಳಿಸಿ, ಗಂಟುಗಟ್ಟಿದ ಉಪ್ಪಿಟ್ಟು ತಿಂದು ಮುಗಿಸಿದ ಮೇಲೆ ಅತ್ತೆ ಅಜ್ಜಿಯನ್ನು ತೆರೆದರು. ಇರುವೆಗಳು ಸಾಲಾಗಿ ಮಣಿಕಟ್ಟು ಸುತ್ತಿದ್ದವು; ಹೊಲಿಗೆಯ ಜಾಗ ಗೊತ್ತೇ ಆಗುತ್ತಿರಲಿಲ್ಲ. ಅತ್ತೆ ಕೈ ಒರೆಸಿಕೊಂಡು ಹೇಳಿದರು: "ನೋಡೇ, ನಾನು ಆ ಕೈನ ಓಡ್ತಾ ನೋಡಿದವಳು. ನೀನು ಮಲಗಿ ನೋಡಿದವಳು. ನೀನ್ ಹೇಳಿದ್ದೇ ಫೈನಲ್. ಹೇಳು, ಈಗ್ಲೇ ಬರ್ದುಬಿಡ್ತೀನಿ."

ಜಗಳವಿದ್ದಷ್ಟು ದಿನ ನನಗೆ ಬಾಲ ಕಣ್ಣಿಗೆ ಕಟ್ಟಿದಂತಿತ್ತು. ಅವರು ಒಪ್ಪಿದ ಆ ಗಳಿಗೆಯಲ್ಲಿ ಅನುಮಾನ ಬಂತು. ನಿಜಕ್ಕೂ ನೋಡಿದ್ದೆನೇ? ಅಥವಾ ಅತ್ತೆಯನ್ನು ಕೆಣಕುವ ಖುಷಿಗೆ ಹೇಳುತ್ತ ಬಂದಿದ್ದೆನೇ?

"ಮುಂದಿನ ವಾರ ಹೇಳ್ತೀನಿ ಅತ್ತೆ" ಎಂದೆ.

"ಆಯ್ತು, ಅಮ್ಮ ಕಾಯ್ತಾಳೆ ಬಿಡು" ಎಂದು ನಕ್ಕು ಮುಚ್ಚಿಟ್ಟರು.

ಮಂಗಳವಾರ ಬೆಳಗ್ಗೆ ಮನೆ ಹತ್ತಿರದ ಸರೋವರದ ಕಡೆ ನಡೆಯಲು ಹೋದ ಅತ್ತೆ ಅಲ್ಲಿಯ ಬೆಂಚಿನ ಮೇಲೆ ಕುಳಿತಲ್ಲೇ ತೀರಿಕೊಂಡರು. ಹೃದಯ ನಿಂತಿತ್ತು.

ನಾನು ಈಗಲೂ ಶನಿವಾರ ರೆಂಟನ್ನಿಗೆ ಹೋಗುತ್ತೇನೆ. ಉಪ್ಪಿಟ್ಟು ಮಾವನೇ ಮಾಡುತ್ತಾರೆ. ಅವರ ಕೈಯಲ್ಲೂ ಅದು ಗಂಟುಗಟ್ಟುತ್ತದೆ. ನಾನು ಕಂಪ್ಯೂಟರು ತೆರೆದು ಕೂರುತ್ತೇನೆ. ಬರೆಯುವುದನ್ನು ಅಷ್ಟಿಷ್ಟು ಕಲಿತಿದ್ದೇನೆ. ಒಂದು ಬಾಲಕ್ಕೆ ಎರಡು ನಿಮಿಷ ಸಾಕು.

"ನೆನಪಾಯ್ತೇನಮ್ಮ?" ಎಂದು ಮಾವ ತಟ್ಟೆ ತಂದಿಡುತ್ತಾರೆ.

"ಇಲ್ಲ ಮಾವ."

"ಅವಸರ ಏನಿಲ್ಲ. ಬಿಸಿ ಇದೆ, ತಿನ್ನು."

ಅಜ್ಜಿಯ ಕೈಯಲ್ಲಿ ಇರುವೆ ಸಾಲಿದೆ, ತುಳಸಿಕಟ್ಟೆಯಿದೆ, ಚೇಳೂ ಇದೆ. ಚೇಳಿಗೆ ಬಾಲವಿಲ್ಲ.