ಮೀನಿನ ತೊಟ್ಟಿಯನ್ನು ಫಳಫಳ ತೊಳೆಸಿದವರಿಗೆ

ಮಾನ್ಯರಲ್ಲಿ ಅತಿಮಾನ್ಯರಾದ ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ತಮ್ಮ ಬೂಟಿನ ಹೊಳಪಿಗೂ ಕಾರಿಡಾರಿನ ನೆಲದ ಹೊಳಪಿಗೂ ನನ್ನ ಅನಂತ ವಂದನೆಗಳು. ಫಿಸಿಯೋಥೆರಪಿ ಕೋಣೆಯ ಮೀನಿನ ತೊಟ್ಟಿಗೆ ತಾವು ದಯಪಾಲಿಸಿದ ಸ್ವಚ್ಛತೆಯನ್ನು ಕುರಿತು ನಾಲ್ಕು ಮಾತು ಬರೆಯಲು ಅಪ್ಪಣೆ ಬೇಡುತ್ತೇನೆ.

ಪಾರ್ಶ್ವವಾಯು ಹೊಡೆದ ನನ್ನ ಅಮ್ಮನಿಗೆ ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲ. "ಅಮ್ಮಾ, ಸ್ವಲ್ಪ ಈ ಕಡೆ ನೋಡಿ" ಎಂದು ಫಿಸಿಯೋ ಮೇಡಂ ಎಷ್ಟು ಗೋಗರೆದರೂ ಎದುರಿನ ಗೋಡೆಯನ್ನೇ ದಿಟ್ಟಿಸುತ್ತಿದ್ದ ಆಕೆ, ಎಡಗಡೆ ಗೋಲ್ಡ್‌ಫಿಶ್ ತೊಟ್ಟಿ ಬಂದಮೇಲೆ, ದಪ್ಪಣ್ಣನೆಂದು ತಾನೇ ಹೆಸರಿಟ್ಟ ಮೀನಿನ ಬೆನ್ನುಹತ್ತಿ ದಿನಕ್ಕಿಷ್ಟಿಷ್ಟೇ ಕತ್ತು ಹೊರಳಿಸತೊಡಗಿದ್ದಳು.

ಅಷ್ಟರಲ್ಲಿ ತಪಾಸಣಾ ತಂಡ ಬರುವ ಸುದ್ದಿ ಬಂತು, ತಮ್ಮ ಕಣ್ಣು ತೊಟ್ಟಿಯ ಫಿಲ್ಟರಿನ ಕಂದು ಸ್ಪಂಜಿನ ಮೇಲೆ ಬಿತ್ತು. "ಇದೇನ್ರೀ ಗಲೀಜು! ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ" ಎಂದು ಆಜ್ಞಾಪಿಸಿದಿರಿ. ಆ ಗಲೀಜಿನೊಳಗೆ ರಜೆಯೂ ಕೇಳದೆ ದುಡಿಯುವ ಬ್ಯಾಕ್ಟೀರಿಯಾಗಳಿದ್ದವು. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ಒಂದು ಪಂಗಡ ನೈಟ್ರೈಟ್ ಮಾಡಿದರೆ, ಇನ್ನೊಂದು ಪಂಗಡ ಆ ವಿಷವನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿಸುತ್ತಿತ್ತು. ಎರಡನ್ನೂ ತಾವು ಒಂದೇ ಏಟಿಗೆ ಪರಲೋಕಕ್ಕೆ ಕಳಿಸಿದಿರಿ. ಮೊದಲ ಪಂಗಡ ಹೇಗೋ ಬೇಗ ಚಿಗುರಿಕೊಂಡಿತು, ಎರಡನೆಯದು ಏಳಲಿಲ್ಲ. ಹೀಗಾಗಿ ನೈಟ್ರೈಟ್, ಬಣ್ಣವಿಲ್ಲದೆ ವಾಸನೆಯಿಲ್ಲದೆ, ತಮ್ಮ ಗಾಜಿನಂಥ ನೀರಿನಲ್ಲಿ ಏರುತ್ತಲೇ ಹೋಯಿತು.

ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದಾಗ ತಮ್ಮನ್ನು ಕರೆತಂದು ತೋರಿಸಿದೆ. "ನಮಸ್ಕಾರ ಹೇಳ್ತಿವೆ ಕಣ್ರೀ, ಪಾಪ ಹಸಿವು" ಎಂದು ನಕ್ಕು, ಕೊಳೆತು ಇನ್ನಷ್ಟು ವಿಷವಾಗಲೆಂದೋ ಏನೋ, ಒಂದು ಹಿಡಿ ಆಹಾರ ಸುರಿದಿರಿ. ಉಸಿರು ಸಿಗದವರಿಗೆ ಊಟ ಬಡಿಸುವ ಇಂಥ ಔದಾರ್ಯ ಇನ್ನೆಲ್ಲಿ ಕಾಣಬೇಕು!

ಮರುದಿನ ದಪ್ಪಣ್ಣ ಮಗುಚಿಕೊಂಡು ತೇಲುತ್ತಿದ್ದ. ರಕ್ತಪರೀಕ್ಷೆಯೇ ನನ್ನ ಕಸುಬಾದ್ದರಿಂದ ಕಿವಿರು ಬಿಡಿಸಿ ನೋಡಿದೆ: ಕೆಂಪಿರಬೇಕಾದಲ್ಲಿ ಕಾಫಿ ಗಸಿಯ ಕಂದು. ಕಿವಿರಿನಿಂದ ನೈಟ್ರೈಟ್ ಒಳಗಿಳಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಗಾಳಿಯ ಪಂಪು ಬುಳುಬುಳು ಎನ್ನುತ್ತಿದ್ದರೂ ಮೀನು, ತುಂಬಿದ ಕಣಜದ ಎದುರು ಉಪವಾಸ ಬಿದ್ದವರಂತೆ, ಉಸಿರುಗಟ್ಟಿ ಸಾಯುತ್ತದೆ. ಅಮ್ಮ ಅಂದು ಕತ್ತು ತಿರುಗಿಸಲಿಲ್ಲ. "ಬೇಡ ಬಿಡೇ, ನೋಡೋಕಾಗಲ್ಲ" ಎಂದವಳು ಊಟವನ್ನೂ ಮುಟ್ಟಲಿಲ್ಲ.

ಮೇಡಂ ಮತ್ತು ನಾನು ತಮ್ಮ ಅನುಮತಿಯಿಲ್ಲದೆ ಅಪರಾಧಕ್ಕಿಳಿದೆವು. ಅರ್ಧ ನೀರು ಚೆಲ್ಲಿ ಕ್ಲೋರಿನ್ ಕಳೆದ ನೀರು ತುಂಬಿದೆವು, ನೈಟ್ರೈಟ್ ಕಿವಿರಿಗೆ ನುಗ್ಗದಂತೆ ಚೂರು ಉಪ್ಪು ಬೆರೆಸಿದೆವು, ಆಹಾರ ನಿಲ್ಲಿಸಿದೆವು, ಮೇಡಂ ಅಣ್ಣನ ಮನೆಯ ಹಳೇ ತೊಟ್ಟಿಯಿಂದ ಚೆನ್ನಾಗಿ ಗಲೀಜಾದ ಸ್ಪಂಜೊಂದನ್ನು ಬೇಡಿ ತಂದೆವು. ಉಳಿದ ಮೀನುಗಳು ಬದುಕಿದವು. ತಾವು ತಪಾಸಣಾ ತಂಡ ಕೊಟ್ಟ ಸ್ವಚ್ಛತಾ ಫಲಕ ಹಿಡಿದು ಫೋಟೋಕ್ಕೆಂದು ಅಮ್ಮನ ಬಲಕ್ಕೆ ನಿಂತಾಗ, ಆಕೆ ಮುಖವನ್ನು ಸರಕ್ಕನೆ ಎಡಕ್ಕೆ ಹೊರಳಿಸಿದ ವೇಗಕ್ಕೆ ಮೇಡಂ ಬೆರಗಾದರು. ಆ ಚಿಕಿತ್ಸೆಗಾಗಿ ಮಾತ್ರ ತಮಗೆ ಋಣಿ.

ಕಡೆಯದಾಗಿ ಅರಿಕೆ: ತಮ್ಮ ಸಹಿಯಿಲ್ಲದೆ ನೈಟ್ರೈಟ್ ನೀರಿಗೆ ಇಳಿಯಕೂಡದೆಂದು ಸುತ್ತೋಲೆ ಹೊರಡಿಸಬೇಕು, ಮುಂದಿನ ತಪಾಸಣೆಯಲ್ಲಿ ಮೀನುಗಳು ಉಸಿರು ಬಿಗಿಹಿಡಿದು ಸಾಲಾಗಿ ನಿಲ್ಲುವಂತೆ ಆದೇಶಿಸಬೇಕು, ಅವು ಮಲವಿಸರ್ಜನೆಗೆ ಹೊರಗಿನ ಶೌಚಾಲಯ ಬಳಸುವಂತೆ ಬಾಣದ ಗುರುತು ಹಾಕಿಸಬೇಕು.

ತಮ್ಮ ಫಿನಾಯಿಲಿನ ಪರಿಮಳದಲ್ಲೇ ಹೇಗೋ ಉಸಿರಾಡುತ್ತಿರುವ
ತಮ್ಮ ವಿಶ್ವಾಸಿ,
ಕತ್ತು ತಿರುಗಿಸಿದ ಅಮ್ಮನ ಮಗಳು

ತಾ.ಕ.: ಅಡುಗೆಮನೆಯ ಮೊಸರಿನಲ್ಲೂ ಬ್ಯಾಕ್ಟೀರಿಯಾ ಇವೆಯೆಂದು ಯಾರೋ ತಮ್ಮ ಕಿವಿಗೆ ಹಾಕಿದ್ದಾರಂತೆ. ಹೆಪ್ಪಿಗೆ ಬ್ಲೀಚಿಂಗ್ ಪೌಡರ್ ಬೆರೆಸಿದ ದಿನ, ಮೊದಲ ಬಟ್ಟಲನ್ನು ದಯವಿಟ್ಟು ತಾವೇ ಸ್ವೀಕರಿಸಬೇಕು.