ಬೂದಿ ತೊಳೆದ ಅವರೆಕಾಳು

ಅಡುಗೆ ಬಲು ಕಷ್ಟದ ಕೆಲಸ ಎಂದು ಹೆಂಗಸರು ತಲೆತಲಾಂತರದಿಂದ ಹಬ್ಬಿಸಿಕೊಂಡು ಬಂದಿರುವ ಮಾತಿನಲ್ಲಿ ಹುರುಳಿಲ್ಲ ಎಂಬುದು, ನಾನು ನಿವೃತ್ತನಾದ ಮೂರನೇ ತಿಂಗಳಿಗೆ ನನಗೆ ಮನವರಿಕೆಯಾಯಿತು. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ವಿಲೇವಾರಿ ಮಾಡಿದವನು ನಾನು. ಅಡುಗೆಯಾದರೂ ಏನು ಮಹಾ? ಬಂದದ್ದನ್ನು ಸ್ವೀಕರಿಸಬೇಕು, ಪರಿಶೀಲಿಸಬೇಕು, ಒಂದಷ್ಟು ಹೊತ್ತು ನೆನೆಯಲು ಬಿಡಬೇಕು, ಆಮೇಲೆ ಬಿಸಿ ಮಾಡಿ ಮುಂದಕ್ಕೆ ಕಳಿಸಬೇಕು. ಕಚೇರಿಯಲ್ಲಿ ನಾನು ಮಾಡಿದ್ದೂ ಅದೇ!

ಈ ಸಿದ್ಧಾಂತವನ್ನು ನನ್ನ ಹೆಂಡತಿ ಸರೋಜಳ ಮುಂದೆ ಮಂಡಿಸಿದಾಗ ಅವಳು ತಲೆ ಎತ್ತದೆ ಹೇಳಿದಳು:

"ನೀವು ಒಲೆ ಮೇಲೆ ಬರೀ ನೀರಿಟ್ರೂ ಸೀದೋಯ್ತದೆ. ಸುಮ್ನೆ ಪೇಪರ್ ಓದ್ರಿ."

ಮಾತು ಎದೆಗೆ ನಾಟಿತು. ಸಮಯ ಕಾಯುತ್ತಿದ್ದೆ.

ಸಮಯ ಜೂನ್ ತಿಂಗಳಲ್ಲಿ ಬಂತು. ಚನ್ನರಾಯಪಟ್ಟಣದಲ್ಲಿರುವ ಸರೋಜಳ ತಂಗಿಗೆ ಮಂಡಿ ಆಪರೇಷನ್ ಆಗಿತ್ತು. ಸರೋಜ ಶುಕ್ರವಾರ ನೋಡಲು ಹೋಗಿ, ಭಾನುವಾರ ಮಧ್ಯಾಹ್ನ ತನ್ನ ಅಣ್ಣ ನಂಜಪ್ಪನವರ ಜೊತೆಗೆ ಹೊಳೆನರಸೀಪುರಕ್ಕೆ, ಅಂದರೆ ನಮ್ಮ ಮನೆಗೆ, ವಾಪಸು ಬರುವುದೆಂದು ತೀರ್ಮಾನವಾಯಿತು. ನಂಜಪ್ಪನವರು ಹಳೇಕೋಟೆಯಲ್ಲಿ ಬೇಸಾಯ ಮಾಡಿಕೊಂಡಿರುವವರು. "ನಿನ್ ಹತ್ರ ಒಂದ್ ಕೆಲ್ಸ ಐತೆ, ಬಂದ್ಮೇಲೆ ಯೋಳ್ತೀನಿ" ಎಂದು ಸರೋಜಳಿಗೆ ಫೋನಿನಲ್ಲಿ ಹೇಳಿದ್ದರಂತೆ.

ಹೊರಡುವ ಮುನ್ನ ಸರೋಜ ಬಾಯಿಮಾತಿನ ಆದೇಶ ಹೊರಡಿಸಿದಳು. ಮಿಕ್ಸಿ ಮುಟ್ಟಬಾರದು. ಹೊಸ ಬಾಣಲೆ ಮುಟ್ಟಬಾರದು. ಮೊಸರಿಗೆ ಹೆಪ್ಪು ಹಾಕುವ ಸಾಹಸ ಮಾಡಬಾರದು. ಹಸಿವಾದರೆ ದೋಸೆ ಹಿಟ್ಟಿದೆ, ಅದೂ ಆಗದಿದ್ದರೆ ಪಕ್ಕದ ಮನೆ ಪುಟ್ಟತಾಯಮ್ಮನವರಿದ್ದಾರೆ. ಗಮನಿಸಬೇಕಾದ ಅಂಶವೇನೆಂದರೆ, ಅಟ್ಟದ ಮೇಲಿನ ಡಬ್ಬದ ಬಗ್ಗೆ ಸದರಿ ಆದೇಶದಲ್ಲಿ ಎಲ್ಲೂ ಪ್ರಸ್ತಾಪವಿರಲಿಲ್ಲ!

ಅವಳ ಬಸ್ಸು ಮರೆಯಾಗುತ್ತಲೇ ನಾನು ಮೊಬೈಲು ತೆರೆದೆ. ಅದರಲ್ಲಿ ಗಡ್ಡ ಬಿಟ್ಟ ಒಬ್ಬ ಪರದೇಶದ ಮಹಾಶಯ, ಬಿಳಿ ಕಾಳು, ಟೊಮೇಟೊ, ಒಣಗಿಸಿದ ಪರಿಮಳದ ಎಲೆಗಳನ್ನು ಹಾಕಿ ಮಂದವಾದ ಸ್ಟ್ಯೂ ಮಾಡುತ್ತಿದ್ದ. ಸ್ಟ್ಯೂ ಎಂದರೆ ಗಾಬರಿಯಾಗಬೇಡಿ. ಹುಳಿಪುಡಿ ಹಾಕಲು ಮರೆತ ಕಾಳಿನ ಸಾರು. ಅವನು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡ. ಭಾನುವಾರ ಭಾವ ಕಣ್ಣು ಮುಚ್ಚಿಕೊಳ್ಳುವುದು, ಸರೋಜ ಕಣ್ಣರಳಿಸಿ ನನ್ನನ್ನು ನೋಡುವುದು, ಎರಡೂ ನನಗೆ ಆಗಲೇ ಕಂಡವು.

ಶನಿವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ. ಟೊಮೇಟೊ ಸಿಕ್ಕಿತು. ಮೊಬೈಲಿನಲ್ಲಿದ್ದ ಎಲೆಗಳ ಚಿತ್ರವನ್ನು ಸೊಪ್ಪು ಮಾರುವಾಕೆಗೆ ತೋರಿಸಿದೆ. ಆಕೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ನನಗೇ ವಾಪಸು ಕೊಟ್ಟಳು.

"ಸಾ, ಮನುಷ್ರು ತಿನ್ನೋದು ಕೊತ್ತಂಬ್ರಿ, ಪುದೀನ, ಕರಿಬೇವು. ಇದು ಕುರೀಗಾ?"

ಕಾಳಿನ ಅಂಗಡಿಯಲ್ಲೂ ಅದೇ ಕಥೆ. "ಬಿಳೀ ಕಾಳು ಸೋಮ್ವಾರ ಬತ್ತದೆ ಸಾ." ಭಾನುವಾರದ ಕೀರ್ತಿ ಸೋಮವಾರದ ಕಾಳಿಗೆ ಕಾಯುತ್ತದೆಯೇ? ಮನೆಗೆ ಬಂದು ಶೋಧನಾ ಕಾರ್ಯ ಆರಂಭಿಸಿದೆ. ಅಡುಗೆಮನೆ ಮುಗಿಸಿ, ಏಣಿ ಇಟ್ಟು ಅಟ್ಟ ಹತ್ತಿದೆ. ಮೂಲೆಯಲ್ಲಿ ಒಂದು ಹಳೇ ಡಬ್ಬ. ಬಾಯಿಗೆ ಬಟ್ಟೆ ಕಟ್ಟಿತ್ತು. ಬಿಚ್ಚಿ ನೋಡುತ್ತೇನೆ, ಒಳಗೆ ಬಿಳೀ ಚಪ್ಪರದವರೆಕಾಳು! ದಪ್ಪ ದಪ್ಪ, ಮುದ್ದು ಮುದ್ದು. ಆದರೆ ಮೈಗೆಲ್ಲ ಬೂದಿ ಮೆತ್ತಿತ್ತು. ನನ್ನ ಮನೆಯ ಅಟ್ಟದಲ್ಲಿ ಇಷ್ಟೊಂದು ಅಶುಚಿ! ಸರೋಜಳ ಮರ್ಯಾದೆ ಉಳಿಸುವುದು ಗಂಡನಾದ ನನ್ನ ಕರ್ತವ್ಯವೆಂದು ಭಾವಿಸಿದೆ.

ಇನ್ನೂ ಒಂದು ಸೋಜಿಗವಿತ್ತು. ಕಾಳಿನ ನಡುವೆ ಒಂದಷ್ಟು ಒಣಗಿದ ಎಲೆಗಳು. ಮೂಸಿದೆ. ಘಮ್ಮೆಂದಿತು. ಆಹಾ! ಗಡ್ಡದವನು ಹೇಳಿದ ಪರಿಮಳದ ಎಲೆ! ಕಾಳಿನ ಜೊತೆಗೇ ಎಲೆಯನ್ನೂ ಒಣಗಿಸಿ ಇಟ್ಟಿದ್ದಾಳಲ್ಲ ಎಂದು ಹೆಂಡತಿಯ ಮುಂದಾಲೋಚನೆಗೆ ತಲೆದೂಗಿದೆ.

ಹಿತ್ತಲ ಕಲ್ಲಿನ ಮೇಲೆ ಕೂತು ಏಳು ನೀರಿನಲ್ಲಿ ಕಾಳು ತೊಳೆದೆ. ಗೋಡೆಯಾಚೆಯಿಂದ ಪುಟ್ಟತಾಯಮ್ಮನವರ ದನಿ ಬಂತು.

"ಸಾಹೇಬ್ರೆ, ಏನ್ ತೊಳೀತಿದ್ದೀರಿ? ಬೂದಿ ನೀರು ನಮ್ ಇತ್ಲಿಗೆ ಅರೀತಾ ಐತೆ!"

ಗುಟ್ಟು ಕಾಪಾಡಬೇಕಿತ್ತು. "ಪಾತ್ರೆ ಬೆಳಗ್ತಿದೀನಿ ಪುಟ್ಟತಾಯಮ್ಮ" ಎಂದುಬಿಟ್ಟೆ.

"ಸರೋಜಕ್ಕ ಪುಣ್ಯ ಮಾಡವ್ರೆ ಬುಡಿ" ಎಂದು ಆಕೆ ಒಳಗೆ ಹೋದರು. ನಾನು ಅಂದು ನಿಜ ಹೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು!

ಅರ್ಧ ಸೇರಿಗೆ ಮೇಲಿತ್ತು ಕಾಳು. ಅಷ್ಟನ್ನೂ ನೆನೆಹಾಕಿದೆ. ಮೂವತ್ತೆರಡು ವರ್ಷದ ಸೇವೆಯಲ್ಲಿ ಒಂದು ಕಡತವನ್ನೂ ಒಂದೇ ಪಟ್ಟಿಗೆ ಪೂರ್ತಿ ವಿಲೇವಾರಿ ಮಾಡಿದವನಲ್ಲ. ಅಂದು ಮಾಡಿದೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು ಒಲೆ ಹಚ್ಚಿದೆ. ಟೊಮೇಟೊ ಹೆಚ್ಚಿ ಹಾಕಿದೆ, ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಎಲೆಗಳನ್ನು ಅಂಗೈಯಲ್ಲಿ ಪುಡಿ ಮಾಡಿ ಉದಾರವಾಗಿ ಉದುರಿಸಿದೆ. ಕುಕ್ಕರು ಕೂಗಿತು. ಮುಚ್ಚಳ ತೆಗೆದು ಒಂದು ಚಮಚ ಬಾಯಿಗಿಟ್ಟೆ.

ನಾನೂ ಕಣ್ಣು ಮುಚ್ಚಿಕೊಂಡೆ. ಕಹಿಗೆ!

ಎದೆಗುಂದಲಿಲ್ಲ. ಕಹಿಗೆ ಬೆಲ್ಲ ಹಾಕಿದೆ. ಸಿಹಿ ಜಾಸ್ತಿಯಾಯಿತು. ಹುಣಸೇಹುಳಿ ಹಿಂಡಿದೆ. ಹುಳಿ ಜಾಸ್ತಿಯಾಯಿತು. ಉಪ್ಪು ಹಾಕಿದೆ, ನೀರು ಹೊಯ್ದೆ, ಉಳಿದ ಟೊಮೇಟೊ ಅಷ್ಟನ್ನೂ ಸುರಿದೆ. ಕುಕ್ಕರು ಸಾಲದೆ ಗೌರಿಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗೆ ವರ್ಗಾಯಿಸಬೇಕಾಯಿತು. ಇಷ್ಟಾದರೂ ಕಹಿ ತಾನಿದ್ದ ಸ್ಥಾನ ಬಿಟ್ಟು ಕದಲಲಿಲ್ಲ. ಕಚೇರಿಯಲ್ಲೂ ಇಂಥವರನ್ನು ಕಂಡಿದ್ದೇನೆ.

ಹನ್ನೆರಡೂವರೆಗೆ ಗೇಟು ಸದ್ದಾಯಿತು. ನಂಜಪ್ಪನವರು ಅಂಗಳದಲ್ಲೇ ನಿಂತು ಮೂಗೆತ್ತಿದರು.

"ಲಕ್ಕಿ ಸೊಪ್ಪಿನ ವಾಸ್ನೆ ಬತ್ತಾ ಐತಲ್ಲ ಸರೋಜ! ಬಿತ್ನೆ ಬೀಜಕ್ಕೆ ಇಕ್ಕೋ ಸೊಪ್ಪಲ್ವಾ? ಯಾರ್ ಮನೇಲವ್ವ, ಅದ್ನ ಬೇಯಿಸ್ತಾ ಇರೋರು?"

ಸರೋಜ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಒಲೆಯ ಮೇಲಿನ ಪಾತ್ರೆ ನೋಡಿದಳು. ಮೂಲೆಯಲ್ಲಿ ತೊಳೆದು ಬೋರಲು ಹಾಕಿದ್ದ ಡಬ್ಬ ನೋಡಿದಳು.

"ಇದು ಅಟ್ಟದ ಮೇಲಿದ್ದದ್ದಾ?"

"ಹೌದು ಸರೋಜ. ಎಷ್ಟು ಬೂದಿ ಗೊತ್ತಾ? ಏಳು ನೀರಲ್ಲಿ ತೊಳೆದೆ" ಎಂದೆ. ಪ್ರಶಂಸೆಗಾಗಿ ಇನ್ನೂ ಒಂದಿಷ್ಟು ಆಸೆ ಉಳಿದಿತ್ತು.

"ಬೂದಿ ಹಾಕಿ, ಲಕ್ಕಿ ಸೊಪ್ಪಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ್ರೆ ಏನೂಂತ ಗೊತ್ತಾಗಲ್ವೇನ್ರೀ? ಅದು ಅವ್ವನ ಬೀಜ."

ಆಗ ನನಗೆ ತಿಳಿದದ್ದನ್ನು ಓದುಗರಿಗೂ ತಿಳಿಸುತ್ತೇನೆ. ಹುಳ ಬೀಳದಿರಲೆಂದು ಬಿತ್ತನೆ ಬೀಜಕ್ಕೆ ಬೂದಿ ಸವರಿ, ಲಕ್ಕಿ ಸೊಪ್ಪು ಇಡುವುದು ಈ ಸೀಮೆಯಲ್ಲಿ ಎರಡು ಗುಂಟೆ ಜಮೀನಿದ್ದವರಿಗೂ ಗೊತ್ತು. ಗುಮಾಸ್ತೆಯ ಮಗನಾಗಿ ಹುಟ್ಟಿ ಗುಮಾಸ್ತೆಯಾಗಿ ನಿವೃತ್ತನಾದ ನನಗೆ ಮಾತ್ರ ಗೊತ್ತಿರಲಿಲ್ಲ. ಮದುವೆಯಾಗಿ ಬರುವಾಗ ಸರೋಜಳ ಮಡಿಲಿಗೆ ಅವಳ ಅವ್ವ ಹಾಕಿದ ಬೀಜ ಅದು. ಪ್ರತಿ ವರ್ಷ ಆರಿದ್ರಾ ಮಳೆಗೆ ಹಿತ್ತಲಲ್ಲಿ ಬಿತ್ತಿ, ಚಪ್ಪರಕ್ಕೆ ಹಬ್ಬಿಸಿ, ಮತ್ತೆ ಬೀಜ ಮಾಡಿ ಇಡುತ್ತಿದ್ದಳು. ಅವಳ ಅವ್ವ ತೀರಿಹೋಗಿ ಆರು ವರ್ಷ. ಚಪ್ಪರ ನಾನು ದಿನಾ ನೋಡಿದ್ದೆ. ಅದರ ಕೆಳಗೆ ಕೂತು ಪೇಪರ್ ಓದಿದ್ದೆ. ಬೀಜ ಎಲ್ಲಿಂದ ಬರುತ್ತದೆಂದು ಒಂದು ದಿನವೂ ಕೇಳಿರಲಿಲ್ಲ.

ನಂಜಪ್ಪನವರು ಮೆಲ್ಲನೆ ಬಾಗಿಲ ಬಳಿ ಕೂತರು.

"ನಾ ಬಂದಿದ್ದೇ ಅದುಕ್ಕೆ ಕಣವ್ವ. ಓದ್ ವರ್ಷ ನಮ್ ಬೀಜಕ್ಕೆಲ್ಲ ಹುಳ ಬಿದ್ದೋಯ್ತು. ನಿನ್ ಹತ್ರ ಐತಲ್ಲ, ಒಂದ್ ಇಡಿ ಇಸ್ಕೊಂಡ್ ಓಗಣ ಅಂತ."

ಸರೋಜ ಸೌಟು ತೆಗೆದುಕೊಂಡು ಪಾತ್ರೆಯೊಳಗೆ ತಿರುವಿದಳು. ಒಂದಾದರೂ ಬೇಯದ ಕಾಳು ಉಳಿದಿದೆಯೇ ಎಂದು ತಳದಿಂದ ಎತ್ತಿ ಎತ್ತಿ ನೋಡಿದಳು. ನಾನೂ ಬಗ್ಗಿ ನೋಡಿದೆ. ಏನು ಹೇಳಲಿ? ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕೆಲಸ ಲೋಪವಿಲ್ಲದೆ ನೆರವೇರಿತ್ತು. ಒಂದೊಂದು ಕಾಳೂ ಬೆಣ್ಣೆಯಂತೆ ಬೆಂದಿತ್ತು!

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮುದ್ದೆ ತೊಳಸಿ, ಮೂರು ತಟ್ಟೆ ಹಾಕಿದಳು. ಅವ್ವನ ಕಾಳು ಎಸೆಯುವ ಹಾಗಿಲ್ಲ ಎಂದು ಅಣ್ಣ ತಂಗಿ ಇಬ್ಬರೂ ಆ ಕಹಿಯನ್ನು ಮುದ್ದೆಯ ಜೊತೆ ಒಂದು ತುತ್ತೂ ಬಿಡದೆ ಉಂಡರು. ಭಾವ ಎರಡನೇ ಸಲವೂ ಬಡಿಸಿಕೊಂಡರು. ನಾನು ಒಂದು ತುತ್ತಿಗೇ ಕೈ ತೊಳೆದೆ. ಅದು ಲಕ್ಕಿ ಸೊಪ್ಪಿನಿಂದಲ್ಲ.

ಅಷ್ಟರಲ್ಲಿ ಪುಟ್ಟತಾಯಮ್ಮನವರು ಬಂದರು. ಗೋಡೆಯಾಚೆ ಎಲ್ಲವೂ ಕೇಳಿಸಿತ್ತು ಅನ್ನಿ. ಸೆರಗಿನ ಗಂಟು ಬಿಚ್ಚಿ ಸರೋಜಳ ಕೈಗೆ ಸುರಿದರು. ಹತ್ತು ಹನ್ನೆರಡು ಕಾಳು, ಬಿಳಿಯವು, ಬೂದಿ ಸವರಿದವು.

"ಎಲ್ಡ್ ವರ್ಷದ್ ಇಂದೆ ನೀನೇ ಕೊಟ್ಟಿದ್ದಲ್ವೇನಕ್ಕ? ನಂಗೆ ಬಿತ್ತಕ್ಕೆ ಬ್ಯಾರೆ ಮಡಿಕ್ಕಂಡಿವ್ನಿ. ತಕ್ಕೋ."

ಸರೋಜಳ ಮುಖಕ್ಕೆ ಜೀವ ಬಂತು. "ಅರಕಲಗೂಡಿನ ಶಾರದಂಗೂ ಕೊಟ್ಟಿದ್ದೆ" ಎಂದಳು. "ರಾಮನಾಥಪುರದ ಚಿಕ್ಕಮ್ಮಂಗೆ ಕೊಟ್ಟಿದ್ದೆ. ಹಿರೀಸಾವೆ ಹೋಟ್ಲಿನ ಗೌರಮ್ಮಂಗೂ!"

ಇಲ್ಲಿ ನನ್ನದೊಂದು ಹಳೇ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸರೋಜ ಬಂದವರಿಗೆಲ್ಲ ಹಿಡಿ ಹಿಡಿ ಬೀಜ ಕಟ್ಟಿ ಕೊಡುವಾಗ ನಾನು, "ಊರಿಗೆಲ್ಲ ಹಂಚಿಬಿಟ್ರೆ ನಮಗೇನು ಉಳಿಯುತ್ತೆ?" ಎಂದು ಎಷ್ಟೋ ಸಲ ಆಕ್ಷೇಪಣೆ ಸಲ್ಲಿಸಿದ್ದೆ. "ಬೀಜ ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಅಂತ ಅವ್ವ ಹೇಳವ್ಳೆ" ಎನ್ನುತ್ತಿದ್ದಳು. ನನ್ನ ಆಕ್ಷೇಪಣೆಯನ್ನು ಅವಳು ಒಂದು ಸಲವೂ ಪರಿಗಣಿಸಲಿಲ್ಲ. ದೇವರು ದೊಡ್ಡವನು!

ಮಾರನೇ ದಿನ ಬೆಳಿಗ್ಗೆಯೇ ಬಟ್ಟೆ ಚೀಲ ಕೊಟ್ಟು ನನ್ನನ್ನು ಬಸ್ಸು ಹತ್ತಿಸಲಾಯಿತು. ನಾನು ಹೋಗುವುದಕ್ಕಿಂತ ಮೊದಲು ಸುದ್ದಿ ಹೋಗಿತ್ತು. ಅರಕಲಗೂಡಿನಲ್ಲಿ ಸರೋಜಳ ಶಾಲೆಯ ಗೆಳತಿ ಶಾರದಮ್ಮ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಬನ್ನಿ, ಬೀಜ ಬೇಯ್ಸಿದ ಸಾಹೇಬ್ರು ನೀವೇ ಅಲ್ವಾ?"

ಕಾಫಿ ಕೊಟ್ಟರು, ಬೀಜ ಕೊಟ್ಟರು. ರಾಮನಾಥಪುರದ ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಹೊಗೆಸೊಪ್ಪಿನ ಸಸಿ ನೆಡುವ ಕೆಲಸ ಬಿಟ್ಟು ಹೊಲದಿಂದ ಬಂದರು. ನನ್ನನ್ನು ಕೂರಿಸಿ ಮುದ್ದೆ ಇಕ್ಕಿದರು. ಊಟವಾದ ಮೇಲೆ ಎರಡು ಗಂಟು ತಂದು ಮುಂದಿಟ್ಟರು.

"ಇದು ಬಿತ್ತಕ್ಕೆ. ಕೆಂಪ್ ದಾರ ಕಟ್ಟಿವ್ನಿ ನೋಡ್ಕಪ್ಪ. ಬಿಳೀ ದಾರದ್ದು ಬೇಯಿಸ್ಕೊಂಡ್ ತಿನ್ನಕ್ಕೆ. ನಿಂಗೆ ಬೇಯಿಸೋ ಆಸೆ ಐತಂತಲ್ಲ!"

ನಗುತ್ತಲೇ ಕೈ ಮುಗಿದೆ. ಕಣ್ಣು ಯಾಕೋ ಮಂಜಾಯಿತು.

ಮರುದಿನ ಚನ್ನರಾಯಪಟ್ಟಣ ದಾಟಿ ಹಿರೀಸಾವೆಗೆ ಹೋದೆ. ಹೆದ್ದಾರಿ ಬದಿಯ ಹೋಟೆಲಿನ ಗೌರಮ್ಮ ಗಿರಾಕಿಗಳನ್ನು ನಿಲ್ಲಿಸಿ ಒಳಗೆ ಹೋಗಿ, ಡಬ್ಬದಲ್ಲಿದ್ದುದರಲ್ಲಿ ಅರ್ಧ ಸುರಿದುಕೊಟ್ಟರು. "ನಿಮ್ಗೆ?" ಎಂದೆ. "ಸರೋಜಕ್ಕಂಗೆ ಇಲ್ದಿದ್ರೆ ನಂಗ್ ಎಲ್ಲಿಂದ ಬತ್ತಿತ್ತು ಸಾ?" ಎಂದು ಇಡ್ಲಿ ತಟ್ಟೆಯತ್ತ ಓಡಿದರು. ವಾಪಸು ಬರುವಾಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದವರು ಮೇಲೆ ಇಡಿ ಎಂದರೂ ಇಡಲಿಲ್ಲ. ನನ್ನ ಹೆಂಡತಿ ಇಷ್ಟು ವರ್ಷ ಹಿಡಿ ಹಿಡಿಯಾಗಿ ಕೊಟ್ಟದ್ದು ಆ ಹೆಂಗಸರ ಅಟ್ಟಗಳಲ್ಲಿ ಬೂದಿ ಸವರಿಕೊಂಡು ಜೋಪಾನವಾಗಿತ್ತು. ಆ ಒಬ್ಬೊಬ್ಬರಿಗೂ ನಾನು ಋಣಿ. ನನ್ನ ಮಾತು ಕೇಳದ ಸರೋಜಳಿಗೆ ಎಲ್ಲರಿಗಿಂತ ಹೆಚ್ಚು.

ಆರಿದ್ರಾ ಮಳೆಗೆ ಮೊದಲೇ ಭಾವನ ಪಾಲು ಹಳೇಕೋಟೆಗೆ ಹೋಯಿತು. ನಮ್ಮ ಹಿತ್ತಲಲ್ಲಿ ಸರೋಜ ಗುಣಿ ತೋಡಿದಳು, ಬೀಜ ಹಾಕಲು ನನ್ನ ಕೈಗೇ ಕೊಟ್ಟಳು. ಒಂದೊಂದನ್ನೂ ಎಣಿಸಿಕೊಟ್ಟಳು ಎಂಬುದು ಬೇರೆ ಮಾತು. ಬಳ್ಳಿ ಹಬ್ಬಿ, ಹೂ ಬಿಟ್ಟು, ಚಳಿಗಾಲಕ್ಕೆ ಚಪ್ಪರ ತುಂಬ ಕಾಯಿ ತೂಗಿದವು. ಅಟ್ಟದ ಡಬ್ಬ ಮತ್ತೆ ತುಂಬಿತು. ಡಬ್ಬದ ಮೇಲೆ "ಬಿತ್ತನೆ ಬೀಜ. ಬೇಯಿಸಕೂಡದು" ಎಂದು ದುಂಡಾದ ಅಕ್ಷರದಲ್ಲಿ ಬರೆದು, ಕೆಳಗೆ ದಿನಾಂಕ ಸಹಿತ ರುಜು ಹಾಕಿದೆ.

ಮೊನ್ನೆ ಚಪ್ಪರದ ಕೆಳಗೆ ಪೇಪರ್ ಓದುತ್ತಾ ಕೂತಿದ್ದೆ. ಹಿಂದಿನ ಬೀದಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಗೇಟಿನ ಹತ್ತಿರ ಸರೋಜಳನ್ನು ಕೂಗಿದಳು. ಮೊದಲೆಲ್ಲ ಜನ ಈ ಚಪ್ಪರದ ಕಾಳನ್ನು ಸರೋಜಕ್ಕನ ಅವರೆ ಎನ್ನುತ್ತಿದ್ದರು. ಸರೋಜ ಅವ್ವನ ಅವರೆ ಎನ್ನುತ್ತಿದ್ದಳು. ನಾಲ್ಕು ತಾಲ್ಲೂಕುಗಳಲ್ಲಿ ನಾನು ಸಹಿ ಹಾಕಿದ ಕಡತಗಳೆಷ್ಟೋ ಇವೆ, ಅವುಗಳಲ್ಲಿ ಒಂದನ್ನೂ ನನ್ನ ಹೆಸರು ಹೇಳಿ ಯಾರೂ ನೆನೆಸಿಕೊಂಡದ್ದಿಲ್ಲ.

ಆ ಹೆಣ್ಣುಮಗಳು ಸೆರಗೊಡ್ಡಿ ಕೇಳಿದಳು:

"ಅಕ್ಕ, ಸಾಹೇಬ್ರು ಬೇಯ್ಸಿದ್ ಅವರೆ ಐತಂತಲ್ಲ, ನಂಗೂ ಒಂದ್ ಇಡಿ ಬೀಜ ಕೊಡ್ತೀರಾ?"